ಗರ್ಭಿಣಿಯರ ತಂಬಾಕು ಸೇವನೆ ಮತ್ತು ನವಜಾತ ಶಿಶು: ಸಂಶೋಧನೆಯ ಚರಿತ್ರೆ

ಗರ್ಭಿಣಿ ಸೇದುವ ಸಿಗರೇಟು ಕೂಸಿನ ತೂಕ ಇಳಿಸುತ್ತದೆ, ದಿನ ತುಂಬುವ ಮೊದಲೇ ಹೆರಿಗೆ ತರಬಲ್ಲದು, ಹಠಾತ್ ಶಿಶುಮರಣದ ಅಪಾಯ ಹೆಚ್ಚಿಸುತ್ತದೆ. ವೈದ್ಯಲೋಕದಲ್ಲಿ ಈಗ ಇದಕ್ಕೆ ತಕರಾರಿಲ್ಲ. ಆದರೆ ಈ ತಿಳಿವಳಿಕೆ ಬಂದ ದಾರಿಯಲ್ಲಿ ಎರಡು ತೊಡಕುಗಳಿದ್ದವು: ಅಮೆರಿಕದಲ್ಲಿ ಎದ್ದ ಲೆಕ್ಕದ ಒಗಟು ಒಂದು; ಭಾರತದ ಹೆಂಗಸರು ಸೇದದೆ ಬಾಯಲ್ಲಿಡುವ ಹೊಗೆಸೊಪ್ಪು ಬಹುಕಾಲ ಎಣಿಕೆಯ ಹೊರಗೇ ಉಳಿದದ್ದು ಇನ್ನೊಂದು.

ಆರಂಭ. 1935ರಲ್ಲಿ ಅಮೆರಿಕದ ಸೊಂಟಾಗ್ ಮತ್ತು ವಾಲೇಸ್, ತಾಯಿ ಸಿಗರೇಟು ಸೇದಿದಾಗ ಭ್ರೂಣದ ಎದೆಬಡಿತ ಬದಲಾಗುವುದನ್ನು ದಾಖಲಿಸಿದರು. 1957ರಲ್ಲಿ ಕ್ಯಾಲಿಫೋರ್ನಿಯಾದ ವಿನಿಯಾ ಸಿಂಪ್ಸನ್, ಸೇದುವ ತಾಯಂದಿರಲ್ಲಿ ‘ಅಕಾಲಿಕ’ ಜನನ ಸುಮಾರು ಇಮ್ಮಡಿ ಎಂದು ವರದಿ ಮಾಡಿದರು.

ಇಲ್ಲಿ ಪದವೊಂದು ಗೊಂದಲ ಹುಟ್ಟಿಸುತ್ತದೆ. ಆ ದಿನಗಳಲ್ಲಿ 2500 ಗ್ರಾಂ ಮೀರದ ಕೂಸನ್ನೆಲ್ಲ ಅಕಾಲಿಕವೆಂದೇ ಎಣಿಸುವ ರೂಢಿಯಿತ್ತು. ವಿಶ್ವ ಆರೋಗ್ಯ ಸಂಸ್ಥೆ ‘ಕಡಿಮೆ ತೂಕದ ಜನನ’ ಎಂಬ ಹೆಸರಿಗೆ ಬದಲಾದದ್ದು 1961ರಲ್ಲಿ. 1959ರಲ್ಲೇ ಬರ್ಮಿಂಗ್‌ಹ್ಯಾಮಿನ ಲೋ, ಸೇದುವವರ ಮಕ್ಕಳು ಸರಾಸರಿ 170 ಗ್ರಾಂ ಹಗುರವೆಂದೂ ಅದಕ್ಕೆ ಮುಖ್ಯ ಕಾರಣ ಬೇಗ ಹುಟ್ಟಿದ್ದಲ್ಲ, ಹೊಟ್ಟೆಯೊಳಗೆ ಬೆಳವಣಿಗೆ ಕುಂಠಿತವಾದದ್ದೆಂದೂ ತೋರಿಸಿದ್ದರು.

ವಿವಾದ. ಬರ್ಕ್ಲಿಯ ಸಂಖ್ಯಾಶಾಸ್ತ್ರಜ್ಞ ಜೇಕಬ್ ಯೆರುಶಾಲ್ಮಿ ಈ ನಂಟನ್ನೇ ಶಂಕಿಸಿದರು. ಅವರ ಅಂಕಿಅಂಶಗಳಲ್ಲಿ, ಕಡಿಮೆ ತೂಕದ ಕೂಸುಗಳ ಪೈಕಿ ಸೇದುವ ತಾಯಂದಿರ ಮಕ್ಕಳೇ ಹೆಚ್ಚು ಬದುಕುಳಿದಿದ್ದವು! ತೂಕ ಇಳಿಸುವುದು ಹೊಗೆಯಲ್ಲ, ಸೇದುವ ಹೆಂಗಸಿನ ಸ್ವಭಾವವೇ ಬೇರೆ ಎಂದು ಅವರು 1971ರಲ್ಲಿ ವಾದಿಸಿದರು. ಅದೇ ವರ್ಷ ಫಿಲಿಪ್ ಮಾರಿಸ್ ಕಂಪನಿಯ ಮುಖ್ಯಸ್ಥ ಜೋಸೆಫ್ ಕಲ್‌ಮನ್, ಚಿಕ್ಕ ಮಗುವೇ ಇರಲಿ ಎನ್ನುವ ಹೆಂಗಸರೂ ಇದ್ದಾರೆ ಎಂದು ಟಿ.ವಿ.ಯಲ್ಲಿ ಹೇಳಿದರು.

1972ರಲ್ಲಿ ಬಟ್ಲರ್, ಗೋಲ್ಡ್‌ಸ್ಟೀನ್ ಮತ್ತು ರಾಸ್, 1958ರ ಮಾರ್ಚಿಯ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಾದ ಸುಮಾರು 17,000 ಹೆರಿಗೆಗಳನ್ನು ಜಾಲಾಡಿದರು. ಸೇದುವವರಲ್ಲಿ ಹೆರಿಗೆಯ ಹೊತ್ತಿನ ಶಿಶುಸಾವು 28% ಹೆಚ್ಚಿತ್ತು. ನಾಲ್ಕನೇ ತಿಂಗಳೊಳಗೆ ಬಿಟ್ಟವರ ಅಪಾಯ ಎಂದೂ ಸೇದದವರ ಮಟ್ಟಕ್ಕೆ ಇಳಿದಿತ್ತು.

ಒಗಟು ಬಿಡಿಸಿದ ಪ್ರಸಿದ್ಧ ಲೇಖನ ಬಂದದ್ದು ಮಾತ್ರ 2006ರಲ್ಲಿ, ಹೆರ್ನಾಂಡೆಸ್-ಡಿಯಾಸ್ ಮತ್ತು ಸಂಗಡಿಗರಿಂದ. ತಾಯಿ ಸೇದದಿದ್ದರೂ ಕೂಸು ಹಗುರವಾಗಿದ್ದರೆ ಕಾರಣ ಜನ್ಮಜಾತ ದೋಷದಂಥ ಇನ್ನೂ ಮಾರಕವಾದದ್ದು ಇರಬಹುದು. ಹಗುರ ಕೂಸುಗಳನ್ನಷ್ಟೇ ಆರಿಸಿ ಹೋಲಿಸಿದಾಗ ತಂಬಾಕು ರಕ್ಷಕನಂತೆ ಕಾಣುವುದು ಈ ಆಯ್ಕೆಯಿಂದಲೇ.

ಚಟ ಬಿಡಿಸುವ ಯತ್ನ. 1984ರಲ್ಲಿ ಸೆಕ್ಸ್‌ಟನ್ ಮತ್ತು ಹೆಬೆಲ್, ಅಮೆರಿಕದ ಸೇದುವ 935 ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಬಿಡಲು ನೆರವು ಸಿಕ್ಕ ಗುಂಪಿನ ಮಕ್ಕಳು ಸರಾಸರಿ 92 ಗ್ರಾಂ ಹೆಚ್ಚು ತೂಗಿದರು. ಅದೇ ವರ್ಷದ ಅಮೆರಿಕದ ಕಾಯಿದೆ, ಗರ್ಭಿಣಿಯರಿಗೆಂದೇ ಒಂದು ಎಚ್ಚರಿಕೆಯನ್ನು ಸಿಗರೇಟು ಪೊಟ್ಟಣದ ಮೇಲೆ ತಂದಿತು.

ಹೊಗೆಯಿಲ್ಲದ ತಂಬಾಕು. ಈ ಅಧ್ಯಯನಗಳೆಲ್ಲ ಸಿಗರೇಟನ್ನು ಕುರಿತವು. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕ ಹೆಂಗಸರಲ್ಲಿ ಸೇದುವವರು 2%, ಹೊಗೆಯಿಲ್ಲದ ತಂಬಾಕು ಬಳಸುವವರು 12.8%. ಕರ್ನಾಟಕದಲ್ಲಿ ತಂಬಾಕಿನ ದಂಟು, ತೊಟ್ಟುಗಳಿಂದಾದ ಕಡ್ಡಿಪುಡಿ ಎಲೆಅಡಿಕೆಯ ಜೊತೆ ಬಾಯಿ ಸೇರುತ್ತದೆ. ಮಹಾರಾಷ್ಟ್ರದಲ್ಲಿ ಮಿಶ್ರಿ: ಹೊಗೆಸೊಪ್ಪನ್ನು ಕಾದ ಕಬ್ಬಿಣದ ತವೆಯ ಮೇಲೆ ಕಪ್ಪಾಗುವಂತೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೂ ಒಸಡಿಗೂ ಉಜ್ಜುತ್ತಾರೆ. ಹಲ್ಲುಪುಡಿಯೆಂದು ಶುರುವಾದದ್ದು ದಿನಕ್ಕೆ ಹಲವು ಸಲದ ಚಟವಾಗುತ್ತದೆ.

ಮುಂಬೈಯ 1217 ಗರ್ಭಿಣಿಯರ ಮೇಲೆ ಗುಪ್ತ ಮತ್ತು ಶ್ರೀವಿದ್ಯಾ ನಡೆಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. 17% ಮಂದಿ ಇಂಥ ತಂಬಾಕು ಬಳಸುತ್ತಿದ್ದರು, ಬಹುಪಾಲು ಮಿಶ್ರಿ. ಅವರ ಕೂಸುಗಳು ಸರಾಸರಿ 105 ಗ್ರಾಂ ಹಗುರ. 2006ರಲ್ಲಿ ಗುಪ್ತ ಮತ್ತು ಸುಬ್ರಮಣಿ, ಸತ್ತು ಹುಟ್ಟುವ ಅಪಾಯ 2.6 ಪಟ್ಟು ಎಂದು ಬರೆದರು. ಇಲ್ಲಿ ಸುಡುವ ಹೊಗೆಯೂ ಇಲ್ಲ, ರಕ್ತದ ಆಮ್ಲಜನಕ ಕಸಿಯುವ ಕಾರ್ಬನ್ ಮಾನಾಕ್ಸೈಡೂ ಇಲ್ಲ. ನಿಕೋಟಿನ್ ಇದೆ, ಅದು ಮಾಸು ದಾಟಿ ಭ್ರೂಣವನ್ನು ಸೇರುತ್ತದೆ. ಹೀಗಾಗಿ ತಪಾಸಣೆಗೆ ಬಂದ ಬಸುರಿಯನ್ನು ‘ಸಿಗರೇಟು, ಬೀಡಿ ಸೇದುತ್ತೀರಾ?’ ಎಂದಷ್ಟೇ ಕೇಳಿದರೆ ಆಕೆ ನಿಜವಾಗಿಯೇ ‘ಇಲ್ಲ’ ಎನ್ನುತ್ತಾಳೆ. ಎಲೆಅಡಿಕೆಗೆ ಏನು ಸೇರಿಸುತ್ತೀರಿ, ಹಲ್ಲಿಗೆ ಏನು ಉಜ್ಜುತ್ತೀರಿ ಎಂದೂ ಕೇಳಬೇಕಾಗುತ್ತದೆ.