ಕಡತ, ಮೋಡಿ ಮತ್ತು ಫೋನಿನ ಬಾಕಿ ಪಟ್ಟಿ

ಸರ್ಕಾರಿ ಫೈಲಿಗೆ ಕನ್ನಡದಲ್ಲಿ 'ಕಡತ' ಅಂತೀವಲ್ಲ, ಆ ಮೂಲ ಕಡತ ಕಾಗದದ್ದಲ್ಲ, ಬಟ್ಟೆಯದ್ದು. ಹತ್ತಿಬಟ್ಟೆಗೆ ಅಂಟು ಮತ್ತು ಇದ್ದಿಲಪುಡಿ ಬಳಿದು ಒಣಗಿಸಿ, ಬೀಸಣಿಗೆಯ ಹಾಗೆ ಮಡಚಿ ಇಡ್ತಿದ್ದರು. ಅದರ ಮೇಲೆ ಬಳಪದ ಬರಹ. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲೇ ಅದರ ಅಳತೆ ಕೊಟ್ಟಿದ್ದಾನೆ: ಅಗಲ 8 ಇಂಚಿನಿಂದ 1 ಅಡಿ, ಉದ್ದ 12ರಿಂದ 18 ಅಡಿ. ಲೆಕ್ಕ ಚುಕ್ತಾ ಆದ ಸಾಲನ್ನು ಒರೆಸಿ ಅದೇ ಜಾಗದಲ್ಲಿ ಹೊಸದು ಬರೀಬಹುದು. ಕಂಕುಳಲ್ಲಿ ಇಟ್ಕೊಂಡು ಊರೂರು ತಿರುಗಬಹುದು. ಚಾರ್ಜಿಂಗ್ ಚಿಂತೆಯಂತೂ ಇಲ್ಲವೇ ಇಲ್ಲ.

ಟಾಸ್ಕ್ ಆ್ಯಪ್ ಯಾವುದು ಒಳ್ಳೇದು ಅಂತ ಗೆಳೆಯರು ಕೇಳಿದಾಗ ನನಗೆ ನೆನಪಾಗೋದು ಇಂಥವೇ. ಲ್ಯಾಪ್‌ಟಾಪ್ ಒಂದು ಕಂಪನಿದು, ಫೋನ್ ಇನ್ನೊಂದರದು, ಆಫೀಸಿನ ಯಂತ್ರ ಮತ್ತೊಂದರದು; ಮೂರರಲ್ಲೂ ಒಂದೇ ಪಟ್ಟಿ ಕಾಣಬೇಕು ಅನ್ನೋದು ಎಲ್ಲರ ಬೇಡಿಕೆ. ಈ ಗೋಳು ನಮ್ಮ ಚಿಕ್ಕೋಡಿ ಕಡೆಯವರಿಗೆ ಹೊಸದಲ್ಲ. 1949ರವರೆಗೆ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. 1956ರವರೆಗೆ ಮುಂಬೈ ರಾಜ್ಯ, ಆಮೇಲೆ ಮೈಸೂರು. ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು, ಹೋಗಲಿಲ್ಲ. ನಿಪ್ಪಾಣಿ ಮತ್ತು ಕಾಗವಾಡ ಸ್ವಂತ ತಾಲ್ಲೂಕಾಗಿದ್ದು ಮೊನ್ನೆ ಮೊನ್ನೆ. ಜನ ಇದ್ದಲ್ಲೇ ಇದ್ದರು, ಕಚೇರಿ ಮಾತ್ರ ಬದಲಾಗುತ್ತಾ ಹೋಯ್ತು.

ನಿಪ್ಪಾಣಿಯಲ್ಲಿ ತಂಬಾಕು ವ್ಯಾಪಾರ ಮಾಡೋನು ರೈತನ ಜೊತೆ ಕನ್ನಡದಲ್ಲಿ, ದಲಾಲನ ಜೊತೆ ಮರಾಠಿಯಲ್ಲಿ ಮಾತಾಡಿ, ಲೆಕ್ಕ ಮಾತ್ರ ಮೋಡಿ ಲಿಪಿಯಲ್ಲಿ ಬರೀತಿದ್ದ. ಪದ್ಧತಿ ಬಹಳ ಚೊಲೋ ಇತ್ತು ನೋಡ್ರಿ. ದಿನವಿಡೀ ನಡೆದದ್ದೆಲ್ಲಾ ನಡೆದ ಕ್ರಮದಲ್ಲೇ ಕಿರ್ದಿಯೊಳಗೆ ಬರಬೇಕು. ಅಲ್ಲಿ ಯೋಚನೆ ಮಾಡೋ ಹಂಗಿಲ್ಲ, ಸುಮ್ಮನೆ ಬರೀಬೇಕು. ಆಮೇಲೆ ಪುರುಸೊತ್ತಿನಲ್ಲಿ ಕೂತು ಒಂದೊಂದೇ ಸಾಲನ್ನು ಆಯಾ ಮನುಷ್ಯನ ಖಾತೆಗೆ ಏರಿಸಬೇಕು. ಬಾಕಿ ಉಳಿದದ್ದು ಮುಂದಿನ ಪುಟಕ್ಕೆ ಹೋಗಬೇಕು. ಇವತ್ತಿನ ಆ್ಯಪ್‌ಗಳು 'ಇನ್‌ಬಾಕ್ಸ್', 'ಪ್ರಾಜೆಕ್ಟ್' ಅಂತ ಮಾಡೋದೂ ಇದನ್ನೇ. ನಾವು ಸೋಲೋದು ಸಂಜೆಯ ಆ ಏರಿಸೋ ಕೆಲಸದಲ್ಲಿ, ಮತ್ತು ಅದಕ್ಕೆ ಯಾವ ಪ್ರೀಮಿಯಂ ಪ್ಲಾನೂ ಮದ್ದಲ್ಲ.

ಮೋಡಿ ವೇಗದ ಲಿಪಿ. ಮೊದಲೇ ಉದ್ದಕ್ಕೆ ಒಂದು ಗೆರೆ ಎಳೆದು, ಅದರ ಕೆಳಗೆ ಲೇಖನಿ ಹೆಚ್ಚು ಎತ್ತದೆ ಓಡಿಸೋದು. ಕೈಗೆ ಸಲೀಸು, ಅಚ್ಚಿನ ಮೊಳೆಗೆ ಕಷ್ಟ. ಮುದ್ರಣ, ಶಾಲೆ, ಕಚೇರಿ ಒಂದೊಂದಾಗಿ ದೇವನಾಗರಿಗೆ ತಿರುಗಿದವು. 20ನೇ ಶತಮಾನದ ನಡುವಿನ ಹೊತ್ತಿಗೆ ಮೋಡಿ ಪಾಠಗಳೂ ನಿಂತವು. ಲಿಪಿ ಹೋಯ್ತು, ಅದರಲ್ಲಿ ಬರೆದ ಸಾಲ, ಹೊಲ, ಹಿಸ್ಸೆ ಮಾತ್ರ ಉಳಿದವು.

ನಮ್ಮ ಮನೆಯಲ್ಲೂ ಅಂಥದ್ದೊಂದು ಗಂಟಿತ್ತು. ಒಂದು ಹೊಲದ ಒತ್ತಿ ಬಿಡಿಸಿದ್ದೋ ಇಲ್ಲವೋ ಅನ್ನೋ ವಿಷಯಕ್ಕೆ ಅಪ್ಪ, ಕಾಕಾ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಉತ್ತರ ಇಬ್ಬರ ಕಣ್ಣ ಮುಂದೇ ಇತ್ತು, ಅಜ್ಜನ ಕೈಬರಹದಲ್ಲಿ. ಓದೋಕೆ ಇಬ್ಬರಿಗೂ ಬರ್ತಿರಲಿಲ್ಲ. ಕಡೆಗೆ ಮೋಡಿ ಬಲ್ಲ ಒಬ್ಬ ಹಿರಿಯರು ಓದಿದರು. ದುಡ್ಡು ಎರಡು ಕಂತಲ್ಲಿ ಮುಟ್ಟಿತ್ತು, ಮೂರನೇದರ ಮುಂದೆ 'ಬಾಕಿ' ಅಂತಿತ್ತು. ಜಗಳ ಪೂರ್ತಿ ಮುಗೀಲಿಲ್ಲ, ಆದರೆ ಈಗ ಒಂದು ಕಂತಿಗೆ ಇಳಿದಿದೆ.

2014ರಲ್ಲಿ ಮೋಡಿಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿತು. ಬಹಳ ತಡವಾಗಿ ಅನ್ನೋದು ನನ್ನ ಅಭಿಪ್ರಾಯ. ಕನ್ನಡದವರು ನಗೋ ಹಾಗಿಲ್ಲ: ನುಡಿ, ಬರಹದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಇವತ್ತು ಫೋನಿನಲ್ಲಿ ತೆರೆದು ನೋಡಿ, ಇಂಗ್ಲಿಷ್ ಅಕ್ಷರ-ಚಿಹ್ನೆಗಳ ರಾಶಿ ಕಾಣುತ್ತೆ. 2000ದ ಸುಮಾರಿಗೆ ಶುರುವಾದ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು, ನಮ್ಮ ಕಡೆಯ ಮಾತಲ್ಲಿ ಉತಾರ, ಕಂಪ್ಯೂಟರಿಗೆ ಬಂದವು. ಬಂದದ್ದು ತಾನಾಗೇ ಅಲ್ಲ. ಕೈಬರಹ ಓದಬಲ್ಲವರು ಬದುಕಿದ್ದಾಗಲೇ ಕೂತು ಟೈಪ್ ಮಾಡಿದ್ದಕ್ಕೆ.

ಆ್ಯಪ್‌ಗಳ ಆಯುಷ್ಯ ಲಿಪಿಗಿಂತಲೂ ಕಡಿಮೆ. ಬರ್ಲಿನ್‌ನಲ್ಲಿ ಹುಟ್ಟಿದ ವಂಡರ್‌ಲಿಸ್ಟ್ ಎಷ್ಟೋ ಜನರ ಅಚ್ಚುಮೆಚ್ಚು. 2015ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, 2020ರ ಮೇ 6ಕ್ಕೆ ಬಾಗಿಲು ಹಾಕಿತು. ಪಟ್ಟಿಗಳನ್ನು ಹೊಸ ಆ್ಯಪ್‌ಗೆ ಸಾಗಿಸೋ ದಾರಿ ಕೊಟ್ಟಿದ್ದರು, ಅಷ್ಟು ಪುಣ್ಯ. ಕಂಪನಿಗೆ ಅಂಟದ ದಾರಿಗಳೂ ಇವೆ: 1998ರ ಐಕ್ಯಾಲೆಂಡರ್ ಮಾನದಂಡದಲ್ಲಿ ದಿನಾಂಕದ ಜೊತೆ 'ಮಾಡಬೇಕಾದ ಕೆಲಸ'ಕ್ಕೂ ಒಂದು ನಮೂನೆ ಇದೆ. 2006ರ ಟುಡು.ಟಿಎಕ್ಸ್‌ಟಿಯಂತೂ ಬರೀ ಸಾದಾ ಪಠ್ಯ, ಸಾಲಿಗೊಂದು ಕೆಲಸ. ನೋಡೋಕೆ ಬೋಳು, ಆದರೆ ಎಲ್ಲಿ ಬೇಕಾದರೂ ತೆರೆಯುತ್ತೆ.

ಹಾಗಾಗಿ ಹೊಸ ಆ್ಯಪ್ ಯಾರೇ ಹೊಗಳಿದರೂ ನಾನು ಮೊದಲು ಬಣ್ಣ, ವಿಜೆಟ್ ನೋಡೋಲ್ಲ. ಐದು ಕೆಲಸ ಕನ್ನಡದಲ್ಲೇ ಬರೀತೀನಿ, ಒಂದಕ್ಕೆ ತಾರೀಖು, ಇನ್ನೊಂದಕ್ಕೆ ಟಿಪ್ಪಣಿ. ಎಕ್ಸ್‌ಪೋರ್ಟ್ ಮಾಡಿ ಆ ಫೈಲನ್ನು ಬೇರೆ ಕಂಪನಿಯ ಫೋನ್ ಇಟ್ಕೊಂಡಿರೋ ಹೆಂಡತಿಗೆ ಕಳಿಸ್ತೀನಿ. ಅವಳು ನನ್ನನ್ನು ಏನೂ ಕೇಳದೆ ಐದೂ ಸಾಲು ಓದಿದರೆ ಆ್ಯಪ್ ಉಳೀತದೆ. ಇಲ್ಲಿವರೆಗೆ ಎರಡು ಪಾಸಾಗಿವೆ.