ಬಂದರಿನಿಂದ ತರಗತಿಗೆ: ಕಾರವಾರ–ಅಂಕೋಲೆಗೆ ವಾಣಿಜ್ಯ ವಿದ್ಯೆ ಬಂದ ಬಗೆ

ಪಿ.ಯು.ಸಿ. ಫಲಿತಾಂಶ ಹೊರಬಿದ್ದ ಮೇಲೆ ಕಾರವಾರ, ಅಂಕೋಲೆಗಳ ಎಷ್ಟೋ ಮನೆಗಳಲ್ಲಿ ನಡೆಯುವ ಮಾತು ಒಂದೇ. ಬಿ.ಕಾಂ. ಓದಬೇಕೇ, ಬಿ.ಬಿ.ಎ. ಓದಬೇಕೇ? ಓದಿದ ಮೇಲೆ ಕೆಲಸ ಎಲ್ಲಿ? ಗೋವೆಯಲ್ಲೋ, ಮುಂಬಯಿಯಲ್ಲೋ, ಬೆಂಗಳೂರಿನಲ್ಲೋ? ಇವು ಸಹಜವಾದ ಪ್ರಶ್ನೆಗಳೇ. ಆದರೆ ಇವುಗಳ ಹಿಂದೆ ಚರಿತ್ರೆಯ ಇನ್ನೊಂದು ಪ್ರಶ್ನೆಯಿದೆ. ಮುನ್ನೂರು ವರ್ಷಗಳಿಗೂ ಮಿಕ್ಕಿ ವ್ಯಾಪಾರವನ್ನು ಕಂಡ ಈ ಕರಾವಳಿಯಲ್ಲಿ ವ್ಯಾಪಾರದ ವಿದ್ಯೆ ಸಾಮಾನ್ಯ ಜನರ ಮಕ್ಕಳ ಕೈಗೆ ಬಂದದ್ದು ಯಾವಾಗ? ತಂದವರು ಯಾರು? ವಿದ್ಯಾರ್ಥಿ ಮಿತ್ರರೆ, ಈ ಪ್ರಶ್ನೆಯ ಬೆನ್ನು ಹಿಡಿದು ಹೊರಡೋಣ.

ಮೆಣಸಿನ ಕೋಠಿ, ಹತ್ತಿಯ ಬಂದರು

1638ರಲ್ಲಿ ಕೋರ್ಟೀನ್ ಎಂಬ ಹೆಸರಿನ ಇಂಗ್ಲಿಷ್ ವರ್ತಕರ ಸಂಘವು ಕಾರವಾರದಲ್ಲಿ ಒಂದು ಕೋಠಿಯನ್ನು ತೆರೆಯಿತು. ಕೋಠಿ ಎಂದರೆ ಯಂತ್ರಗಳ ಕಾರ್ಖಾನೆಯಲ್ಲ. ಸರಕು ಕೊಂಡು ಕೂಡಿಡುವ ಉಗ್ರಾಣ ಮತ್ತು ಗುಮಾಸ್ತರ ಕಚೇರಿ. ಘಟ್ಟದ ಕಾಳುಮೆಣಸು ಮತ್ತು ಬಯಲುಸೀಮೆಯ ನೆಯ್ಗೆಯ ಬಟ್ಟೆ ಇಲ್ಲಿಂದ ಹಡಗೇರುತ್ತಿದ್ದವು. ಬೆಳೆದವರು, ನೇಯ್ದವರು, ಹೊತ್ತವರು ಈ ನಾಡಿನವರು. ಕೋಠಿಯ ಲೆಕ್ಕದ ಪುಸ್ತಕ ಮಾತ್ರ ದೂರದ ಒಡೆಯರಿಗಾಗಿ ಬರೆದದ್ದು.

ಎರಡು ಶತಮಾನಗಳ ನಂತರ ಇದೇ ಕಥೆ ಹತ್ತಿಯ ರೂಪದಲ್ಲಿ ಮರಳಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತುಹೋಯಿತು. ಮ್ಯಾಂಚೆಸ್ಟರಿನ ಗಿರಣಿ ಮಾಲಿಕರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸಲು ಹತ್ತಿರದ ಒಳ್ಳೆಯ ಬಂದರು ಕಾಳಿ ನದಿಯ ಅಳಿವೆಯ ಬಳಿಯ ಸದಾಶಿವಗಡ ಮತ್ತು ಕಾರವಾರ. ಮದರಾಸು ಆಧಿಪತ್ಯದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಒತ್ತಾಯವಿತ್ತು. ಕಾರವಾರ ಜಿಲ್ಲಾಕೇಂದ್ರವಾಗಿ ಬೆಳೆಯಿತು. ಘಟ್ಟದ ರಸ್ತೆಗಳ ಕೆಲಸ ನಡೆಯಿತು. ಸಮುದ್ರದ ನಡುವಿನ ದೇವಗಡದ ಬಂಡೆಯ ಮೇಲೆ ದೀಪಸ್ತಂಭ ಎದ್ದಿತು.

ಇಲ್ಲಿ ವ್ಯವಹಾರ ನಿರ್ವಹಣೆಯ ಪಾಠವೊಂದು ಅಡಗಿದೆ. ಮ್ಯಾಂಚೆಸ್ಟರ್ ಕಾಟನ್ ಕಂಪನಿಯವರು ಹತ್ತಿ ಒತ್ತುವ ಯಂತ್ರಗಳೊಂದಿಗೆ ಸದಾಶಿವಗಡದಲ್ಲಿ ನೆಲೆಯೂರಲು ಬಂದಾಗ ಬಂದರಿನ ಕಟ್ಟೋಣವೂ ಮುಗಿದಿರಲಿಲ್ಲ, ಘಟ್ಟದ ರಸ್ತೆಯೂ ಸಿದ್ಧವಿರಲಿಲ್ಲ. ಬಂಡವಾಳವಿತ್ತು, ಯಂತ್ರವಿತ್ತು, ಬೇಡಿಕೆಯೂ ಇತ್ತು. ಆದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಯೋಜನೆ ಕೂಡಿಬರಲಿಲ್ಲ. 1865ರಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. ಮುಂದೆ 1880ರ ದಶಕದಲ್ಲಿ ಗೋವೆಯ ಮರ್ಮಗೋವಾ ಬಂದರಿಗೆ ರೈಲುದಾರಿಯಾದಾಗ ಹುಬ್ಬಳ್ಳಿಯ ಕಡೆಯ ಸರಕು ಅತ್ತ ತಿರುಗಿತು. ಕಾರವಾರಕ್ಕೂ ರೈಲು ಬೇಕೆಂಬ ಕೂಗು ಕೂಗಾಗಿಯೇ ಉಳಿಯಿತು.

ಸರಕು ಹೋದ ಮೇಲೆ ಊರಿನಲ್ಲಿ ಉಳಿದದ್ದು ಕಚೇರಿಗಳು ಮತ್ತು ಕಚೇರಿಯ ನೌಕರಿ. ವ್ಯಾಪಾರ ಇಲ್ಲಿ ನಡೆದಿತ್ತು, ಆದರೆ ಅದನ್ನು ನಡೆಸುವ ತೀರ್ಮಾನಗಳು ಇಲ್ಲಿ ಆಗುತ್ತಿರಲಿಲ್ಲ. ಮುಂದಿನದಕ್ಕೆಲ್ಲ ಈ ಮಾತು ಹಿನ್ನೆಲೆ.

ಉಪ್ಪು ಕಲಿಸಿದ ಅರ್ಥಶಾಸ್ತ್ರ

ಈಗ ಅಂಕೋಲೆಗೆ ಬರೋಣ. ಅಂಕೋಲೆಯ ಕಾಲೇಜಿಗೆ ಗೋಪಾಲಕೃಷ್ಣ ಗೋಖಲೆಯವರ (1866–1915) ಹೆಸರಿದೆ. ಗೋಖಲೆಯವರನ್ನು ನಾವು ಗಾಂಧೀಜಿ ಗುರುವೆಂದು ಗೌರವಿಸಿದ ಮುತ್ಸದ್ದಿಯಾಗಿ ಬಲ್ಲೆವು. ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನ ಅಧ್ಯಾಪಕರಾಗಿದ್ದರು, ಶಾಲಾ ಮಕ್ಕಳಿಗಾಗಿ ಅಂಕಗಣಿತದ ಪುಸ್ತಕ ಬರೆದಿದ್ದರು ಎಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. 1902ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಅವರು ಮಾಡಿದ ಮುಂಗಡಪತ್ರದ ಭಾಷಣಕ್ಕೆ ಬಲ ಬಂದದ್ದು ಲೆಕ್ಕದಿಂದ. ಖಜಾನೆಯಲ್ಲಿ ಹಣ ಮಿಗುತ್ತಿದೆ ಎಂದು ಸರ್ಕಾರ ಹೆಮ್ಮೆಪಟ್ಟರೆ, ಬರಗಾಲದಲ್ಲಿ ನೊಂದ ಬಡವರಿಂದ ಅಗತ್ಯಕ್ಕಿಂತ ಹೆಚ್ಚು ತೆರಿಗೆ ಕಿತ್ತದ್ದರಿಂದಲೇ ಹಣ ಮಿಕ್ಕಿದೆ ಎಂದು ಅವರು ಸರ್ಕಾರದ ಅಂಕಿಗಳನ್ನೇ ಹಿಡಿದು ತೋರಿಸಿದರು. ಉಪ್ಪಿನ ಕರವನ್ನು ಇಳಿಸಬೇಕೆಂದು ವಾದಿಸಿದರು. ಮಣಕ್ಕೆ ಎರಡೂವರೆ ರೂಪಾಯಿ ಇದ್ದ ಆ ಕರ 1903ರಲ್ಲಿ 2 ರೂಪಾಯಿಗೆ, 1907ರ ಹೊತ್ತಿಗೆ 1 ರೂಪಾಯಿಗೆ ಇಳಿಯಿತು.

ಕರ ಇಳಿದರೂ ಉಪ್ಪಿನ ಮೇಲಿನ ಸರ್ಕಾರದ ಹಿಡಿತ ಸಡಿಲವಾಗಲಿಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆಯನ್ನು ಮುರಿದರು. ಅನಂತರದ ಕರನಿರಾಕರಣೆಯ ಚಳವಳಿಯಲ್ಲಿ ಇಲ್ಲಿನ ರೈತರು ಹೊಲ, ದನಕರು, ಪಾತ್ರೆಪಗಡಗಳನ್ನು ಕಳೆದುಕೊಂಡರು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಹೀಗೆ. ಒಬ್ಬನೇ ಮಾರಾಟಗಾರನಿದ್ದರೆ ಬೆಲೆ ಹೇಗೆ ಏರುತ್ತದೆ, ಕರದ ಭಾರ ಕೊನೆಗೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಇಂದು ನೀವು ಪಠ್ಯದಲ್ಲಿ ಓದುತ್ತೀರಿ. ಅಂದಿನ ಅಂಕೋಲೆಯವರು ಅದನ್ನು ಉಪ್ಪಿನಿಂದಲೇ ಕಲಿತಿದ್ದರು.

ಗೇಣಿದಾರರ ಮತ್ತು ನಾವಿಕರ ನಡುವೆ

ಈ ತಾಲೂಕಿನಲ್ಲಿ ಹುಟ್ಟಿದ ದಿನಕರ ದೇಸಾಯಿಯವರನ್ನು (1909–1982) ಕನ್ನಡಿಗರು ಚುಟುಕು ಕವಿಯೆಂದು ಪ್ರೀತಿಸುತ್ತಾರೆ. ಅವರು ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರು. ಕೆಲಸದ ಕ್ಷೇತ್ರ ಮುಂಬಯಿ ಮತ್ತು ಉತ್ತರ ಕನ್ನಡ. ಮುಂಬಯಿಯಲ್ಲಿ ಅವರು ಹಡಗಿನ ಕೆಲಸಗಾರರ ಸಂಘಟನೆಯಲ್ಲಿ ದುಡಿದರು. ನಾವಿಕರ ದುಡಿಮೆಯ ಬಗ್ಗೆ 1940ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಹಡಗಿನಲ್ಲಿ ಕೆಲಸ ಸಿಗಬೇಕಾದರೆ ಅಂದಿನ ನಾವಿಕ ದಲ್ಲಾಳಿಗೆ ಲಂಚ ಕೊಡಬೇಕಾಗಿತ್ತು. ಅದಕ್ಕೆ ಸಾಲ, ಸಾಲಕ್ಕೆ ಬಡ್ಡಿ. ಊರಿನಲ್ಲಿ ಗೇಣಿದಾರನ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಅಳೆದುಕೊಟ್ಟ ಭತ್ತಕ್ಕೆ ಅವನ ಹತ್ತಿರ ರಸೀದಿಯಿಲ್ಲ. ಬಾಕಿ ಎಷ್ಟೆಂದು ಒಡೆಯನ ಪುಸ್ತಕ ಹೇಳಬೇಕು.

1930ರ ದಶಕದ ಕೊನೆಯಲ್ಲಿ ದೇಸಾಯಿಯವರು ಜಿಲ್ಲೆಯ ರೈತರನ್ನು ಒಗ್ಗೂಡಿಸಿದರು. 1940ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಆ ಹೋರಾಟದ ಬೇಡಿಕೆ ಕಾಯ್ದೆಯ ರೂಪದಲ್ಲಿ ಪೂರ್ತಿಯಾಗಿ ಈಡೇರಿದ್ದು 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿಯಿಂದ. ಆಗಲೂ ಗೇಣಿದಾರ ನಮೂನೆ 7ನ್ನು ತುಂಬಿ ಅರ್ಜಿ ಕೊಡಬೇಕಾಗಿತ್ತು. ಕಾಯ್ದೆ ಹಕ್ಕನ್ನು ಕೊಟ್ಟಿತು; ಹಕ್ಕನ್ನು ಪಡೆಯಲು ಕಾಗದ ಬಲ್ಲವರು ಬೇಕಾದರು.

ಇಂಥ ಅನುಭವದಿಂದ ಬಂದ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆಯತೊಡಗಿದ್ದು ಆಶ್ಚರ್ಯವಲ್ಲ. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜು ಆರಂಭವಾಯಿತು. ಕಾರವಾರದಲ್ಲಿ ಇದೇ ಟ್ರಸ್ಟಿನ ದಿವೇಕರ ವಾಣಿಜ್ಯ ಕಾಲೇಜು ನೆಲೆಗೊಂಡಿತು. ಬಂದರು ಕಟ್ಟಿದ ಕಂಪನಿಗಳು ಕೊಡದ ವಿದ್ಯೆಯನ್ನು ಕರಾವಳಿಯ ಮಕ್ಕಳಿಗೆ ಕೊಟ್ಟದ್ದು ಗೇಣಿದಾರರನ್ನೂ ನಾವಿಕರನ್ನೂ ಸಂಘಟಿಸಿದ ಒಬ್ಬ ಕಾರ್ಮಿಕ ಮುಖಂಡರ ಸಂಸ್ಥೆ. ನಮ್ಮ ಮೊದಲ ಪ್ರಶ್ನೆಗೆ ಇದೇ ಉತ್ತರ.

ಬಿ.ಕಾಂ.ನಿಂದ ಬಿ.ಬಿ.ಎ.ವರೆಗೆ

ವ್ಯವಹಾರವನ್ನು ಕಾಲೇಜಿನಲ್ಲಿ ಕಲಿಸಬಹುದು ಎಂಬ ವಿಚಾರವೇ ಹೊಸದು. ಅಮೆರಿಕದ ವಾರ್ಟನ್ ಶಾಲೆ ಹುಟ್ಟಿದ್ದು 1881ರಲ್ಲಿ. ನಮ್ಮ ದೇಶದಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು 1913ರಲ್ಲಿ ಬಂತು. ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ಮರುವರ್ಷ ಅದು ಧಾರವಾಡಕ್ಕೆ ಬಂತು. ಕಾರವಾರ, ಅಂಕೋಲೆಗಳ ಕಾಲೇಜುಗಳು ಅದರ ಆಶ್ರಯದಲ್ಲಿವೆ. ಊರಿನಲ್ಲಿ ಕಾಲೇಜಿಲ್ಲದ ಕಾಲದಲ್ಲಿ ಪದವಿ ಬೇಕೆಂದವರು ದೂರದ ಊರಿನಲ್ಲಿ ಉಳಿದು ಓದಬೇಕಾಗಿತ್ತು. ಊಟ, ವಸತಿಗಳ ಖರ್ಚನ್ನು ಹೊರುವ ಮನೆಗಳು ಎಷ್ಟಿದ್ದಾವು? ಅದರಲ್ಲೂ ಹೆಣ್ಣುಮಕ್ಕಳನ್ನು ಕಳಿಸುವ ಮನೆಗಳು ಎಷ್ಟಿದ್ದಾವು? ಮನೆಯಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ಕಾಲೇಜು ಈ ಲೆಕ್ಕವನ್ನೇ ಬದಲಿಸಿತು.

ಬಿ.ಕಾಂ. ಪದವಿಯ ಬೆನ್ನೆಲುಬು ಲೆಕ್ಕಶಾಸ್ತ್ರ, ತೆರಿಗೆ, ಬ್ಯಾಂಕಿಂಗ್ ಮತ್ತು ವಾಣಿಜ್ಯ ಕಾಯ್ದೆ. ಬ್ಯಾಂಕು, ಸಹಕಾರಿ ಸಂಘ, ಲೆಕ್ಕ ಪರಿಶೋಧಕರ ಕಚೇರಿಗಳಿಗೆ ಬೇಕಾದವರನ್ನು ಅದು ತಯಾರು ಮಾಡಿತು. ಅನಂತರ ಬಂದ ಬಿ.ಬಿ.ಎಂ., ಇಂದಿನ ಹೆಸರಿನಲ್ಲಿ ಬಿ.ಬಿ.ಎ., ಮಾರುಕಟ್ಟೆ, ಹಣಕಾಸು, ಸಿಬ್ಬಂದಿ, ಉದ್ಯಮಶೀಲತೆಗಳ ಕಡೆಗೆ ಒಲಿಯಿತು. ನಡೆದ ವ್ಯವಹಾರವನ್ನು ಸರಿಯಾಗಿ ಬರೆದಿಡುವುದು ಮೊದಲನೆಯದರ ಒತ್ತು. ಮುಂದಿನ ವ್ಯವಹಾರವನ್ನು ತೀರ್ಮಾನಿಸುವುದು ಎರಡನೆಯದರ ಒತ್ತು. 2024–25ರಿಂದ ಬಿ.ಬಿ.ಎ. ಶಿಕ್ಷಣವು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ವ್ಯಾಪ್ತಿಗೂ ಬಂದಿದೆ.

ತೀರ್ಮಾನ ಯಾರದು?

1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. ಕಾರವಾರ, ಅಂಕೋಲೆ ತಾಲೂಕುಗಳ ಎಷ್ಟೋ ರೈತ ಮತ್ತು ಮೀನುಗಾರ ಕುಟುಂಬಗಳು ನೆಲೆ ಬಿಟ್ಟವು. ಕೊಂಕಣ ರೈಲುದಾರಿ 1998ರಲ್ಲಿ ಪೂರ್ಣವಾಯಿತು. ಕೈಗಾದ ಅಣು ವಿದ್ಯುತ್ ಘಟಕಗಳು 2000ದಲ್ಲಿ ವಿದ್ಯುತ್ ಕೊಡತೊಡಗಿದವು. ಇವು ದೇಶಕ್ಕೆ ಬೇಕಾದ ಕಾರ್ಯಗಳು; ಕೆಲಸಗಳನ್ನೂ ತಂದಿವೆ. ಆದರೆ ಎಲ್ಲಿ, ಎಷ್ಟು, ಹೇಗೆ ಎಂಬ ತೀರ್ಮಾನ ಮತ್ತೆ ದೂರದಲ್ಲಿಯೇ ಆಯಿತು. ಹುಬ್ಬಳ್ಳಿ–ಅಂಕೋಲಾ ರೈಲುದಾರಿ 1990ರ ದಶಕದಲ್ಲಿ ಮಂಜೂರಾಗಿಯೂ, ಪಶ್ಚಿಮಘಟ್ಟದ ಕಾಡಿನ ಪ್ರಶ್ನೆಯಿಂದಾಗಿ, ಪೂರ್ಣಗೊಂಡಿಲ್ಲ.

ವ್ಯಾಪಾರ ಹಾದಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇಲ್ಲಿಯೇ ಇದೆ. ಅಂಕೋಲೆ ತಾಲೂಕಿನ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಅಧಿಕಾರಿಗಳು ವಶಪಡಿಸಿಕೊಂಡಿದ್ದ ಕಬ್ಬಿಣದ ಅದಿರೇ ಅಕ್ರಮವಾಗಿ ಹಡಗೇರಿತು. 2011ರ ಲೋಕಾಯುಕ್ತ ವರದಿ ಅದರ ಬೇರುಗಳನ್ನು ಬಿಚ್ಚಿಟ್ಟಿತು. ವ್ಯವಹಾರ ನೀತಿ ಎಂಬ ಪತ್ರಿಕೆಗೆ ಓದುವವರು ಪರದೇಶದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಒಳ್ಳೆಯ ಸಾಧ್ಯತೆಗಳೂ ಹತ್ತಿರದಲ್ಲಿವೆ. ಅಂಕೋಲೆಯ ಕರಿ ಈಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಾನ್ಯತೆ ಹೆಸರನ್ನು ಕಾಪಾಡುತ್ತದೆ. ಹಣ್ಣನ್ನು ಕೆಡದಂತೆ ಕಾಪಾಡುವುದಿಲ್ಲ. ಕೊಯ್ದ ಹಣ್ಣನ್ನು ವಿಂಗಡಿಸುವುದು, ರಸ ತೆಗೆದು ಇಡುವುದು, ದೂರದ ಪೇಟೆಗೆ ಮುಟ್ಟಿಸುವುದು ಕಲಿತ ಕೈಗಳ ಕೆಲಸ. ಮೀನುಗಾರಿಕೆಯನ್ನೇ ನೋಡಿ. ಮಳೆಗಾಲದಲ್ಲಿ ಜೂನ್ 1ರಿಂದ 61 ದಿನ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಆದಾಯ ಹತ್ತು ತಿಂಗಳು, ಸಾಲದ ಕಂತು ಹನ್ನೆರಡು ತಿಂಗಳು. ಈ ಎರಡನ್ನು ಹೊಂದಿಸುವ ಸಾಲದ ಯೋಜನೆಯೊಂದನ್ನು ರೂಪಿಸಬಲ್ಲ ವಿದ್ಯಾರ್ಥಿ ತನ್ನ ಪದವಿಯ ಋಣವನ್ನು ತೀರಿಸಿದಂತೆಯೇ.

ಊರು ಬಿಟ್ಟು ದುಡಿಯಲು ಹೋಗುವುದು ತಪ್ಪಲ್ಲ. ಈ ಕರಾವಳಿಯ ಜನ ಹಿಂದಿನಿಂದಲೂ ಮುಂಬಯಿಗೆ, ಹಡಗಿಗೆ ಹೋದವರೇ. ಆದರೆ ಹೋಗುವುದು ಒಂದೇ ದಾರಿಯಾಗಿರುವುದಕ್ಕೂ ಹಲವು ದಾರಿಗಳಲ್ಲಿ ಒಂದಾಗಿರುವುದಕ್ಕೂ ಅಂತರವಿದೆ. 1638ರಲ್ಲಿ ಲೆಕ್ಕದ ಪುಸ್ತಕ ಪರರ ಕೈಯಲ್ಲಿತ್ತು. ಇಂದು ಅದನ್ನು ಬರೆಯಬಲ್ಲವರು ಪ್ರತಿವರ್ಷ ಈ ಎರಡು ಊರುಗಳ ತರಗತಿಗಳಿಂದ ಹೊರಬರುತ್ತಿದ್ದಾರೆ. ಅದರಲ್ಲಿ ಯಾರ ವ್ಯಾಪಾರವನ್ನು ಬರೆಯಬೇಕು ಎಂಬುದು ಅವರು ಮಾಡಬೇಕಾದ ತೀರ್ಮಾನ.

ಚರ್ಚಿಸಿ ನೋಡಿ

1. ಕಾರವಾರದ ಹತ್ತಿ ವ್ಯಾಪಾರ ನೆಲೆಗೊಳ್ಳದಿರಲು ಕಾರಣಗಳೇನು? ಇಂದಿನ ಯಾವುದಾದರೂ ಯೋಜನೆಯೊಂದಿಗೆ ಹೋಲಿಸಿ.

2. ನಿಮ್ಮ ಊರಿನ ಒಂದು ಬೆಳೆ ಅಥವಾ ಕಸುಬನ್ನು ಆರಿಸಿಕೊಳ್ಳಿ. ಕೊಳ್ಳುವವನು ಕೊಡುವ ಬೆಲೆಯಲ್ಲಿ ಬೆಳೆದವರಿಗೆ ಸಿಗುವ ಪಾಲೆಷ್ಟು? ವಿಚಾರಿಸಿ ಬರೆಯಿರಿ.

3. ಗೋಖಲೆಯವರ ಅಂಕಗಣಿತಕ್ಕೂ ಅಂಕೋಲೆಯ ಉಪ್ಪಿನ ಸತ್ಯಾಗ್ರಹಕ್ಕೂ ಇರುವ ನಂಟನ್ನು ವಿವರಿಸಿ.