ಶಿಲ್ಕು ಸರಿಯಿದ್ದರೆ ಸಾಕೆ?

ಪೆಂಡುರ್ತಿಯ ಸುತ್ತಮುತ್ತಲಿನ ಕೆಲವು ಕನ್ನಡ ಕುಟುಂಬಗಳು ಸೇರಿ ಒಂದು ಚಿಕ್ಕ ಬಳಗ ಮಾಡಿಕೊಂಡಿದ್ದೇವೆ. ಯುಗಾದಿ, ರಾಜ್ಯೋತ್ಸವ, ಮಕ್ಕಳಿಗೆ ಭಾನುವಾರದ ಕನ್ನಡ ಪಾಠ. ಜೊತೆಗೆ ಕಷ್ಟಕಾಲಕ್ಕೆಂದು ಒಂದು ನಿಧಿ. ನಾನು ಅದರ ಖಜಾಂಚಿ. ಕಳೆದ ವರ್ಷ ಸಮಿತಿಯ ಗೆಳೆಯರೊಬ್ಬರು ಮಗನ ಕಾಲೇಜು ಶುಲ್ಕಕ್ಕೆ ಕೈಗಡ ಕೇಳಿದರು. ಅಧ್ಯಕ್ಷರು ಫೋನಿನಲ್ಲೇ ಒಪ್ಪಿದರು, ನಾನು ಹಣ ಕಳಿಸಿದೆ. ಎರಡು ತಿಂಗಳಲ್ಲಿ ಪೂರ್ತಿ ವಾಪಸ್ ಬಂತು. ವರ್ಷದ ಕೊನೆಗೆ ಶಿಲ್ಕು ಸರಿಯಿತ್ತು; ವರದಿಯಲ್ಲಿ ನಾನು ಆ ವಿಷಯ ಬರೆಯಲಿಲ್ಲ.

ಯಾರಿಗೂ ನಷ್ಟವಾಗಲಿಲ್ಲವಲ್ಲ, ತಪ್ಪೇನು? ಈ ಪ್ರಶ್ನೆಗೆ ನನಗೆ ಉತ್ತರ ಹೊಳೆದದ್ದು ಸಹಕಾರ ಚಳವಳಿಯ ಇತಿಹಾಸ ಓದುವಾಗ.

ವಿಶಾಖಪಟ್ಟಣ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲ ಅದು. ರೈತರ ಸಾಲದ ಸಮಸ್ಯೆಗೆ ದಾರಿ ಹುಡುಕಲು ಆ ಪ್ರಾಂತ್ಯದ ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತು. 1895 ಮತ್ತು 1897ರಲ್ಲಿ ಎರಡು ಸಂಪುಟಗಳಾಗಿ ಬಂದ ಅವರ ವರದಿ, ಜರ್ಮನಿಯ ರೈಫೈಸನ್ ಮಾದರಿಯ ಗ್ರಾಮ ಸಾಲ ಸಂಘಗಳನ್ನು ಎತ್ತಿಹಿಡಿಯಿತು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ, ಇಂದು ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದು ಹೆಸರಾಗಿದೆ.

ಆ ಕಾಯ್ದೆ ಗ್ರಾಮೀಣ ಸಂಘಗಳಿಗೆ ಹಾಕಿದ ಮುಖ್ಯ ಷರತ್ತು ಅಪರಿಮಿತ ಹೊಣೆ. ಸಂಘ ಮುಳುಗಿದರೆ ಸದಸ್ಯ ತಾನು ಕಟ್ಟಿದ ಹಣ ಕಳೆದುಕೊಳ್ಳುವುದಷ್ಟೇ ಅಲ್ಲ, ಸಂಘದ ಸಾಲಕ್ಕೆ ಅವನ ಮನೆ, ಹೊಲವೂ ಹೊಣೆ. ಹಾಗೆಯೇ ಅಂಥ ಸಂಘದಲ್ಲಿ ಒಬ್ಬರಿಗೆ ಒಂದೇ ಮತ. ಹೆಚ್ಚು ಭೂಮಿ ಇದ್ದವರಿಗೆ ಹೆಚ್ಚು ಮತವಿಲ್ಲ.

ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿ. ಒಬ್ಬರಿಗೆ ಕೊಟ್ಟ ಸಾಲ ಮುಳುಗಿದರೆ ಪಕ್ಕದ ಮನೆಯವನೂ ತೆರಬೇಕು. ಆದ್ದರಿಂದ ಯಾರಿಗೆ, ಎಷ್ಟು, ಏಕೆ ಎಂದು ಕೇಳುವುದು ಅವನಿಗೆ ಅಧಿಕಪ್ರಸಂಗವಲ್ಲ, ಹಕ್ಕು. ನಮ್ಮಂಥ ಬಳಗಗಳಲ್ಲಿ ಆ ಹೊಣೆ ಇಲ್ಲ. ವರ್ಷಕ್ಕೊಮ್ಮೆ ಚಂದಾ ಕಟ್ಟಿ ಮರೆತುಬಿಡುತ್ತೇವೆ. ಕೇಳುವವರಿಲ್ಲದಾಗ ಪರಿಚಯವೇ ನಿಯಮವಾಗುತ್ತದೆ.

ನಮ್ಮಲ್ಲಿ ಆದದ್ದೂ ಅದೇ. ಅದೇ ತಿಂಗಳು ರಾಯಚೂರು ಕಡೆಯ ಸದಸ್ಯರೊಬ್ಬರು, ಇಲ್ಲಿ ಲಾರಿ ಚಾಲಕರು, ತಾಯಿಯ ಆಪರೇಷನ್ನಿಗೆ ಹಣ ಕೇಳಿದ್ದರು. "ಅರ್ಜಿ ಕೊಡಿ, ಮುಂದಿನ ಸಭೆಯಲ್ಲಿ ನೋಡೋಣ" ಎಂದಿದ್ದೆ. "ಆತ್ರಿ ಸಾರ್" ಎಂದವರು ಮತ್ತೆ ಕೇಳಲೇ ಇಲ್ಲ. ಇಬ್ಬರೂ ಕಟ್ಟುವ ಚಂದಾ ಒಂದೇ. ಹಣ ವಾಪಸ್ ಬಂದರೂ ಈ ವ್ಯತ್ಯಾಸ ಸರಿಹೋಗಲಿಲ್ಲ.

ಗೆಳೆಯರಿಗೆ ವಿಷಯ ತಿಳಿಸಿದೆ. "ನನ್ನ ಹೆಸರು ಬೇಡಪ್ಪ" ಎಂದರು. ಮನೆಯ ಕಷ್ಟವನ್ನು ಸಭೆಯಲ್ಲಿ ಬಿಚ್ಚಿಡುವುದು ಯಾರಿಗೂ ಕಷ್ಟವೇ. ಹಾಗಾಗಿ ಈ ಬಾರಿಯ ವರದಿಯಲ್ಲಿ "ಸಮಿತಿ ಸದಸ್ಯರೊಬ್ಬರಿಗೆ ಕೈಗಡ" ಎಂದು ಮೊತ್ತದೊಂದಿಗೆ ಬರೆದಿದ್ದೇನೆ, ಹಣ ಕಳಿಸಿದವನು ನಾನು ಎಂದೂ. ಸಭೆಗೆ ಮುಂಚೆ ರಾಯಚೂರಿನವರ ಮನೆಗೆ ಹೋಗಿ ಬರಬೇಕು. ವರದಿ ಬರೆಯುವುದಕ್ಕಿಂತ ಅದು ಕಷ್ಟ.